ಸೊನ್ನೆ ಕಿಲೋಮೀಟರ್‌ನ ದಿನ

ಮುಂಬೈಯಿಂದ ಕರಾವಳಿ ಹಿಡಿದು ಮಂಗಳೂರಿಗೆ ಸೈಕಲ್ ತುಳಿಯುವವರು ಹೊರಡುವ ಮೊದಲು ಒಂದು ಪಟ್ಟಿ ಮಾಡಿಕೊಳ್ಳುತ್ತಾರೆ. ಯಾವ ದಿನ ಎಷ್ಟು ದೂರ, ಮಧ್ಯಾಹ್ನದ ಊಟ ಎಲ್ಲಿ, ಯಾವ ಖಾಡಿಯನ್ನು ಎಲ್ಲಿ ದಾಟಬೇಕು, ಎಲ್ಲವೂ ಅದರಲ್ಲಿರುತ್ತದೆ. ನಡುವೆ ಒಂದು ಸಾಲಿನಲ್ಲಿ 'ಗೋಕರ್ಣ, ವಿಶ್ರಾಂತಿ' ಎಂದಿರುತ್ತದೆ. ಕಚೇರಿಯಲ್ಲಿ ಒಂದು ದಿನದ ರಜೆ ಕಡಿತವಾದರೆ ಮೊದಲು ಅಳಿಸಿಹೋಗುವುದು ಆ ಸಾಲೇ. ಉಳಿದ ಪ್ರತಿ ಸಾಲಿಗೂ ತೊಂಬತ್ತು, ನೂರು, ನೂರಹತ್ತು ಎಂಬ ಅಂಕಿಯ ಬೆಂಬಲವಿದೆ. ಈ ಸಾಲಿನ ಮುಂದಿರುವುದು ಬರೀ ಸೊನ್ನೆ.

ಈ ಅಳಿಸುವಿಕೆ ತಪ್ಪು. ವಿಶ್ರಾಂತಿಯ ದಿನ ಪ್ರವಾಸಕ್ಕೆ ಸಿಗುವ ಬಿಡುವಲ್ಲ, ಅದು ಪ್ರವಾಸದ್ದೇ ಒಂದು ದಿನ.

ಸೊನ್ನೆಗೆ ಹೆದರುವುದಕ್ಕೆ ಕಾರಣಗಳಿವೆ. ಎರಡು ವಾರಾಂತ್ಯ, ನಡುವೆ ಐದು ದಿನ ರಜೆ, ಒಟ್ಟು ಒಂಬತ್ತು ದಿನ. ನಗರದ ನೌಕರಿಯಲ್ಲಿ ಅದಕ್ಕಿಂತ ಹೆಚ್ಚು ಕೇಳುವುದು ಕಷ್ಟ. ಕರಾವಳಿಯ ದಾರಿ ಸಾವಿರ ಕಿಲೋಮೀಟರ್‌ಗೆ ಹತ್ತಿರ ಬರುತ್ತದೆ. ಭಾಗಿಸಿ ನೋಡಿದರೆ ದಿನಕ್ಕೆ ನೂರಹತ್ತು. ಇದರ ಮೇಲೆ ಸ್ಟ್ರಾವಾದಂಥ ಆ್ಯಪ್‌ಗಳು ಪ್ರತಿದಿನದ ದೂರವನ್ನು ಗೆಳೆಯರ ಮುಂದೆ ಹರವಿಡುತ್ತವೆ. ಬ್ರೆವೆ ಓಡಿಸಿ ರೂಢಿಯಿರುವವರಿಗಂತೂ ಗಡಿಯಾರದ ಅಭ್ಯಾಸ ಬಿಡುವುದಿಲ್ಲ. 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಎಂಬ ಗಡುವಿನಲ್ಲಿ ಪಳಗಿದವರಿಗೆ ಒಂದಿಡೀ ದಿನ ಸುಮ್ಮನೆ ಕೂರುವುದು ಸೋತಂತೆ ಕಾಣುತ್ತದೆ. ಆದರೆ ಬ್ರೆವೆ ಒಂದು ಪರೀಕ್ಷೆ. ಮುಗಿಸಿ ಮನೆಗೆ ಹೋಗಿ ಮಲಗಬಹುದು. ಪ್ರವಾಸದಲ್ಲಿ ಮಾರನೆಯ ಬೆಳಗ್ಗೆ ಮತ್ತೆ ಅದೇ ಸೀಟಿನ ಮೇಲೆ ಕೂರಬೇಕು.

ದೇಹದ ಲೆಕ್ಕ ಬೇರೆಯೇ ಇದೆ. ದಿನವಿಡೀ ತುಳಿದ ಸ್ನಾಯುಗಳಲ್ಲಿ ಗ್ಲೈಕೊಜೆನ್ ಬರಿದಾಗಿರುತ್ತದೆ. ಚೆನ್ನಾಗಿ ಅನ್ನ, ಗಂಜಿ, ಬಾಳೆಹಣ್ಣು ತಿಂದರೂ ಅದು ಪೂರ್ತಿ ತುಂಬಲು ಒಂದು ದಿನದಷ್ಟು ಹೊತ್ತು ಬೇಕು. ಆರು ದಿನ ಸತತವಾಗಿ ತುಳಿದವರು ದಿನವೂ ಸ್ವಲ್ಪ ಸಾಲ ಉಳಿಸಿಕೊಂಡೇ ಮುಂದೆ ಹೋಗಿರುತ್ತಾರೆ. ತುಳಿಯುವಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಪೆಟ್ಟುಗಳಾಗುತ್ತವೆ. ಅವು ದುರಸ್ತಿಯಾಗಿ ಕಾಲಿಗೆ ಬಲ ಬರುವುದು ಬಿಡುವಿನಲ್ಲಿ, ಏರಿನಲ್ಲಲ್ಲ. ಸೀಟಿಗೆ ಉಜ್ಜಿ ಕೆಂಪಾದ ಚರ್ಮಕ್ಕೆ ಯಾವ ಮುಲಾಮಿಗಿಂತ ಹೆಚ್ಚಾಗಿ ಬೇಕಿರುವುದು ಒಂದು ದಿನದ ಒಣ ಬಟ್ಟೆ ಮತ್ತು ಗಾಳಿ. ಟೂರ್ ದ ಫ್ರಾನ್ಸ್‌ನಂಥ ಸ್ಪರ್ಧೆಯೂ 23 ದಿನಗಳಲ್ಲಿ 21 ಹಂತಗಳನ್ನು ಇಟ್ಟು ಎರಡು ದಿನ ಬಿಡುವು ಕೊಡುತ್ತದೆ. ಅಡುಗೆಯವರು, ಮಸಾಜ್ ಮಾಡುವವರು, ವೈದ್ಯರು ಜೊತೆಗಿರುವವರಿಗೇ ಬೇಕಾದ ಬಿಡುವು, ಬಟ್ಟೆಬರೆಯ ಚೀಲವನ್ನೂ ತಾವೇ ಹೊತ್ತು ತುಳಿಯುವವರಿಗೆ ಬೇಡವೆನ್ನುವುದು ವಿಚಿತ್ರ.

ಅದರಲ್ಲೂ ಈ ದಾರಿ ನಕ್ಷೆಯಲ್ಲಿ ಕಾಣುವಷ್ಟು ಸಾಧು ಅಲ್ಲ. ಸಮುದ್ರದ ಪಕ್ಕದ ರಸ್ತೆ ಎಂದ ಮಾತ್ರಕ್ಕೆ ಸಪಾಟಾಗಿರುವುದಿಲ್ಲ. ಕೊಂಕಣದಲ್ಲಿ ಖಾಡಿಗಿಳಿದು, ದಾಟಿ, ಮತ್ತೆ ಕಲ್ಲುಹಾಸಿನ ದಿಬ್ಬ ಹತ್ತುವುದೇ ದಿನದ ಕೆಲಸ. ಅಗರದಾಂಡಾ, ವೇಸವಿ, ದಾಭೋಳ, ತವಸಾಳಗಳಲ್ಲಿ ಫೆರಿಗೆ ಕಾಯುವ ಹೊತ್ತೇ ಬಲವಂತದ ವಿರಾಮ. ಅದು ಕಾಲಿಗೆ ಎಷ್ಟು ಹಿತವೆಂದು ಅಲ್ಲಿ ನಿಂತವರಿಗೆ ಗೊತ್ತು. ಡಿಸೆಂಬರ್‌ನಲ್ಲೂ ಮೈಯ ಬೆವರು ಆರುವುದಿಲ್ಲ. ಉಪ್ಪುಗಾಳಿಗೆ ಚೈನ್ ಕಿರುಗುಟ್ಟಲು ಶುರುವಾಗುತ್ತದೆ. ಗೋವಾ ದಾಟಿ ಕಾರವಾರಕ್ಕೆ ಬಂದರೆ ಏರಿಳಿತ ಕಡಿಮೆಯಾಗುತ್ತದೆ, ಆದರೆ ರಾಷ್ಟ್ರೀಯ ಹೆದ್ದಾರಿ 66ರ ಲಾರಿಗಳು ಜೊತೆಯಾಗುತ್ತವೆ. ದಣಿದ ಕಾಲು ನಿಧಾನವಾಗುತ್ತದೆ, ಅಷ್ಟೇ. ದಣಿದ ಗಮನ ಹಿಂದಿನಿಂದ ಬರುವ ಲಾರಿಯ ಅಂತರವನ್ನು ತಪ್ಪಾಗಿ ಅಂದಾಜು ಮಾಡುತ್ತದೆ. ವಿಶ್ರಾಂತಿಯ ಪರವಾಗಿರುವ ದೊಡ್ಡ ವಾದ ಇದೇ.

ಗೋಕರ್ಣದ ಹೊತ್ತಿಗೆ ಊರು ಹತ್ತಿರವಾದಂತೆ ಅನಿಸತೊಡಗುತ್ತದೆ. ಮುಂಬೈಯ ಅನೇಕ ಕನ್ನಡಿಗರಿಗೆ, ತುಳುವರಿಗೆ ಇದು ಬರೀ ಪ್ರವಾಸವಲ್ಲ. ಬಸ್ಸು, ರೈಲಿನಲ್ಲಿ ಎಷ್ಟೋ ವರ್ಷ ಓಡಾಡಿದ ಊರದಾರಿಯನ್ನು ಒಮ್ಮೆ ಸ್ವಂತ ಕಾಲಿನಿಂದ ಅಳೆಯುವ ಆಸೆ. ಇನ್ನೆರಡು ದಿನ ತುಳಿದರೆ ಉಡುಪಿ, ಮಂಗಳೂರು. ಈಗ ನಿಲ್ಲುವುದೇಕೆ ಎನ್ನುವ ಮಾತು ಬರುವುದು ಇಲ್ಲಿಯೇ. ಉತ್ತರ ಕನ್ನಡ ದಾಟುವಾಗ ಅಘನಾಶಿನಿ, ಶರಾವತಿಗಳ ಅಳಿವೆಯನ್ನು ತಲೆಯೆತ್ತಿ ನೋಡಬೇಕೋ ಅಥವಾ ಹ್ಯಾಂಡಲ್ ಮೇಲಿನ ಮೀಟರನ್ನಷ್ಟೇ ನೋಡುತ್ತ ದಾಟಬೇಕೋ ಎಂಬುದು ನಿರ್ಧಾರವಾಗುವುದೂ ಇಲ್ಲಿಯೇ.

ಊರಿನ ಸ್ಥಳಪುರಾಣವೇ ಕೆಳಗಿಡಬಾರದ ಭಾರದ ಕಥೆ. ಆತ್ಮಲಿಂಗವನ್ನು ಲಂಕೆ ಮುಟ್ಟುವವರೆಗೆ ನೆಲಕ್ಕೆ ತಾಗಿಸಬಾರದೆಂಬ ಷರತ್ತು ಹೊತ್ತು ರಾವಣ ಹೊರಟಿದ್ದ. ಸಂಧ್ಯಾವಂದನೆಯ ಹೊತ್ತಾಯಿತು, ವಟುವಿನ ವೇಷದ ಗಣಪತಿಯ ಕೈಗೆ ಕೊಟ್ಟ, ಗಣಪತಿ ಇಳಿಸಿಬಿಟ್ಟ. ಭಕ್ತರಿಗೆ ಇದು ಮಹಾಬಲೇಶ್ವರ ನೆಲೆನಿಂತ ಕಥೆ. ದಾರಿಹೋಕನಿಗೆ ಇದರಲ್ಲಿ ಇನ್ನೊಂದು ಮಾತೂ ಕೇಳಿಸುತ್ತದೆ: ಎಲ್ಲಿಯೂ ನಿಲ್ಲಬಾರದೆಂಬ ಷರತ್ತಿನ ಪ್ರಯಾಣ ರಾವಣನಂಥ ಬಲಶಾಲಿಗೂ ಪೂರೈಸಲಿಲ್ಲ.

ನಿಂತವರು ಆ ದಿನವನ್ನು ಹಾಳುಮಾಡುವುದೂ ಉಂಟು. ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ಕಡಲತೀರಗಳವರೆಗೆ ಗುಡ್ಡ ಹತ್ತಿಳಿದು, ಮಿರ್ಜಾನ್ ಕೋಟೆ ನೋಡಿ, ಸಾಧ್ಯವಾದರೆ ಯಾಣಕ್ಕೂ ಹೋಗಿ ಬಂದರೆ ಅದು ವಿಶ್ರಾಂತಿಯಲ್ಲ, ಸೈಕಲ್ ಇಲ್ಲದ ದುಡಿಮೆ. ಸೋತ ಕಾಲಿನಲ್ಲಿ ಅಲೆಗಳೊಳಗೆ ದೂರ ಹೋಗುವುದಂತೂ ಅಪಾಯ. ಈ ಕಡಲತೀರಗಳ ಸೆಳೆತ ಈಜು ಬಲ್ಲವರನ್ನೂ ಬಿಟ್ಟಿಲ್ಲ. ಒಳ್ಳೆಯ ಬಿಡುವಿನ ದಿನಕ್ಕೆ ಬೇಕಾದದ್ದು ಬಹಳ ಕಡಿಮೆ. ಅಲಾರಾಂ ಇಲ್ಲದ ನಿದ್ದೆ. ಬನ್ಸ್, ಚಹಾ. ಸಿಹಿನೀರಿನಲ್ಲಿ ಸೈಕಲ್ ತೊಳೆದು, ಚೈನ್ ಒರೆಸಿ, ಎಣ್ಣೆ ಬಿಡುವುದು. ಬಟ್ಟೆ ಒಗೆದು ಹಗ್ಗಕ್ಕೆ ಹಾಕುವುದು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು ಅಥವಾ ತಂಬುಳಿ. ಆಮೇಲೆ ಮತ್ತೆ ನಿದ್ದೆ. ಸಂಜೆ ತದಡಿ ಬಂದರಿನ ಕಡೆಗೆ ಮೆಲ್ಲನೆ ತುಳಿದು ಹೋಗಿ ಬಂದರೆ ಕಾಲೂ ಬಿಗಿಯುವುದಿಲ್ಲ. ಬಿಡುವು ಕೊಟ್ಟರೆ ಲಯ ತಪ್ಪುತ್ತದೆ, ಮರುದಿನ ಕಾಲು ಮರದಂತಾಗುತ್ತದೆ ಎನ್ನುವವರ ದೂರಿನಲ್ಲಿ ನಿಜವಿದೆ. ಅದಕ್ಕೆ ಮದ್ದು ಅಷ್ಟು ದೂರದ ಸವಾರಿ ಸಾಕು.

ದಿನ ಸಾಲದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಒಂಬತ್ತೇ ದಿನವಿದ್ದರೆ ಕತ್ತರಿಸಬೇಕಾದದ್ದು ದೂರವನ್ನು. ರತ್ನಾಗಿರಿವರೆಗೆ ಸೈಕಲನ್ನು ರೈಲಿಗೆ ಹಾಕಿ ಅಲ್ಲಿಂದ ಹೊರಡಬಹುದು. ಇಲ್ಲವೇ ಕುಮಟಾದಲ್ಲೋ ಭಟ್ಕಳದಲ್ಲೋ ತುಳಿಯುವುದನ್ನು ಮುಗಿಸಿ ಕೊಂಕಣ ರೈಲ್ವೆ ಹಿಡಿಯಬಹುದು. ಉಳಿದ ದಾರಿ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.

ಈ ಕರಾವಳಿಗೆ ಬಿಡುವು ಹೊಸ ವಿಚಾರವೇನಲ್ಲ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ ಅದು. ದೋಣಿಗಳು ದಡದಲ್ಲಿರುತ್ತವೆ, ಬಲೆಗಳ ದುರಸ್ತಿ ನಡೆಯುತ್ತದೆ. ಆ ಎರಡು ತಿಂಗಳು ದುಡಿಮೆ ನಿಂತ ಮನೆಗಳಿಗೆ ಕಷ್ಟವಿದೆ. ಆದರೂ ಆ ದಿನಗಳನ್ನು ಬಿಡದೆ ಆಗಸ್ಟ್‌ನ ಮೀನನ್ನು ನಿರೀಕ್ಷಿಸುವಂತಿಲ್ಲ ಎಂಬುದು ಬಂದರಿನಲ್ಲಿರುವ ಎಲ್ಲರಿಗೂ ಗೊತ್ತು. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಾಗುವುದೂ ನೀರನ್ನು ನಿಲ್ಲಿಸಿದಾಗಲೇ. ಸಮುದ್ರದ ನೀರನ್ನು ಪಾತಿಗಳಿಗೆ ಬಿಟ್ಟು ಬಿಸಿಲಿಗೆ ಕಾಯಬೇಕು. ಆ ಕಾಯುವಿಕೆಯನ್ನು ಅಲ್ಲಿ ಯಾರೂ ವ್ಯರ್ಥವೆನ್ನುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಪ್ರವಾಸಿ ಮಲಗಿರುವ ದಿನ ಗಂಜಿ ಬೇಯಿಸುವವರು, ಕೋಣೆ ಗುಡಿಸುವವರು, ಎಳನೀರು ಕೆತ್ತುವವರು ಯಾರ ರಜೆಯಲ್ಲಿದ್ದಾರೆ? ಡಿಸೆಂಬರ್‌ನ ಗೋಕರ್ಣದಲ್ಲಿ ಅವರಿಗೆ ಬಿಡುವು ಸಿಗುವುದು ಕಷ್ಟ. ಅಂಗಡಿ, ಹೋಟೆಲುಗಳ ಕೆಲಸಗಾರರಿಗೆ ವಾರಕ್ಕೊಂದು ರಜೆ ಇರಬೇಕೆಂದು ಕರ್ನಾಟಕದಲ್ಲಿ 1961ರ ಕಾಯ್ದೆಯೇ ಇದೆ. ಮುಂಬೈಯ ಓದುಗರಿಗೆ ಇದರ ಹಿಂದಿನ ಕಥೆ ಇನ್ನೂ ಹತ್ತಿರದ್ದು. ನಾರಾಯಣ ಮೇಘಾಜಿ ಲೋಖಂಡೆ ಮತ್ತು ಆ ನಗರದ ಗಿರಣಿ ಕಾರ್ಮಿಕರು 1880ರ ದಶಕದಲ್ಲಿ ಹೋರಾಟಕ್ಕಿಳಿದು 1890ರಲ್ಲಿ ಭಾನುವಾರದ ರಜೆ ಪಡೆದರು. ಇಂದು ವಾರಾಂತ್ಯಗಳನ್ನು ಜೋಡಿಸಿ ಪ್ರವಾಸ ಹೊರಡುವವರು ಆ ಭಾನುವಾರದ ಫಲಾನುಭವಿಗಳು. ತಮ್ಮ ಬಿಡುವನ್ನು ಸೋಮಾರಿತನವೆಂದು ನಾಚಿಕೊಳ್ಳುವವರು ಇನ್ನೊಬ್ಬರ ಬಿಡುವನ್ನೂ ಹಾಗೆಯೇ ಕಾಣುತ್ತಾರೆ. ತಮ್ಮದನ್ನು ಹಕ್ಕೆಂದು ತಿಳಿದವರಿಗೆ, ಹೋಟೆಲಿನ ಹುಡುಗ ವಾರಕ್ಕೊಮ್ಮೆ ಬಾರದಿದ್ದರೆ ಸಿಟ್ಟು ಬರುವುದಿಲ್ಲ. ಬಟ್ಟೆ ತಾವೇ ಒಗೆದುಕೊಳ್ಳುವುದು, ಮನೆಯವರ ಹೊತ್ತಿಗೆ ಊಟ ಮಾಡುವುದು, ಎರಡನೆಯ ರಾತ್ರಿಯ ಬಾಡಿಗೆಗೆ ಚೌಕಾಸಿ ಮಾಡದಿರುವುದು ಸಣ್ಣ ಸಂಗತಿಗಳು. ಬಿಡುವಿನ ಬೆಲೆ ತಿಳಿದವರ ನಡತೆ ಕಾಣುವುದು ಅವುಗಳಲ್ಲೇ.

ಹಾಗಾಗಿ ಪಟ್ಟಿಯನ್ನು ತಿರುಗಾಮುರುಗಾ ಬರೆಯುವುದು ಒಳ್ಳೆಯದು. ಮೊದಲು 'ಗೋಕರ್ಣ, 0 ಕಿ.ಮೀ.' ಎಂಬ ಸಾಲು. ಆಮೇಲೆ ಅದರ ಆಚೆಗೂ ಈಚೆಗೂ ಉಳಿದ ದಿನಗಳಿಗೆ ಎಷ್ಟು ದೂರ ಹಿಡಿಸುತ್ತದೋ ಅಷ್ಟು.