ಉಳಿಸಿದ ಯೂನಿಟ್‌ಗೂ ಬೆಲೆ ಇರಲಿ

ಕರೆಂಟ್ ಕೊರತೆಯ ಮಾತು ಬಂದಾಗಲೆಲ್ಲ ನಾವು ಕೇಳುವುದು ಒಂದೇ ಪ್ರಶ್ನೆ: ಇನ್ನೆಷ್ಟು ಮೆಗಾವಾಟ್ ಉತ್ಪಾದಿಸಬೇಕು? ಉತ್ಪಾದಿಸಿದ್ದನ್ನು ಹೇಗೆ ಬಳಸುತ್ತಿದ್ದೇವೆ ಎಂಬ ಚರ್ಚೆ ಮಾತ್ರ ಅಪರೂಪ.

ಉತ್ಪಾದನೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಆದರೂ 2023ರಲ್ಲಿ ಮಳೆ ಕೈಕೊಟ್ಟು, ಪಂಪ್‌ಸೆಟ್‌ಗಳ ಬೇಡಿಕೆ ಏರಿದಾಗ ಲೋಡ್‌ಶೆಡ್ಡಿಂಗ್ ತಪ್ಪಲಿಲ್ಲ. ಹಗಲಿನ ಸೋಲಾರ್ ವಿದ್ಯುತ್ತನ್ನು ಸಂಜೆಗೆ ಕಾದಿಡಲು ಈಗ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಕಾಡಿನಲ್ಲಿ, 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಂಡಿದೆ. ಪೋಲಾಗುವ ವಿದ್ಯುತ್ತಿಗಾಗಿ ಕಾಡು ಕಳೆದುಕೊಳ್ಳಬೇಕೆ?

ಗೃಹಜ್ಯೋತಿಯನ್ನೇ ನೋಡಿ. ತಿಂಗಳಿಗೆ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಬಡ ಕುಟುಂಬಗಳ ಹೊರೆ ಇಳಿಸಿದೆ, ಅದಕ್ಕೆ ನನ್ನ ವಿರೋಧವಿಲ್ಲ. ತಕರಾರು ಇರುವುದು ಲೆಕ್ಕದ ಬಗ್ಗೆ. 2023ರಲ್ಲಿ ಯೋಜನೆ ಜಾರಿಯಾದಾಗ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ ಪ್ರತಿ ಮನೆಯ ಮಿತಿ ನಿಗದಿಪಡಿಸಲಾಯಿತು. ಅಂದರೆ 150 ಯೂನಿಟ್ ಬಳಸುತ್ತಿದ್ದವರಿಗೆ 165, 60 ಯೂನಿಟ್‌ನಲ್ಲಿ ಸಂಸಾರ ತೂಗಿಸುತ್ತಿದ್ದವರಿಗೆ 66! ಸಾಮಾನ್ಯ ಫ್ಯಾನ್‌ಗೆ ಸುಮಾರು 70 ವಾಟ್ ಬೇಕು, ಬಿಎಲ್‌ಡಿಸಿ ಫ್ಯಾನ್‌ಗೆ 30 ಸಾಕು. ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 12 ಯೂನಿಟ್ ಉಳಿಯುತ್ತದೆ. ಆದರೆ ಬಿಲ್ ಹೇಗೂ ಸೊನ್ನೆ ಎಂದಾಗ ಹೆಚ್ಚು ದುಡ್ಡು ಕೊಟ್ಟು ಅದನ್ನು ಕೊಳ್ಳುವವರು ಯಾರು?

ಹೊಲದ ಕಥೆಯೂ ಇದೇ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ, ಬಹುತೇಕ ಕಡೆ ಮೀಟರ್ ಇಲ್ಲ. ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೋ ತಿಳಿಯದ ರೈತ ಆಟೊ ಸ್ಟಾರ್ಟರ್ ಹಾಕಿ ಮಲಗುತ್ತಾನೆ. ನೀರೂ ಪೋಲು, ಕರೆಂಟೂ ಪೋಲು. ಇದು ರೈತನ ತಪ್ಪಲ್ಲ, ವ್ಯವಸ್ಥೆಯ ಲೋಪ.

ಪಂಜಾಬ್ 2018ರಲ್ಲಿ ಬೇರೆ ದಾರಿ ಹಿಡಿಯಿತು. ಆಯ್ದ ಫೀಡರ್‌ಗಳ ರೈತರಿಗೆ ವಿದ್ಯುತ್ ಕೋಟಾ ನಿಗದಿಪಡಿಸಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿಯನ್ನು ಅವರ ಖಾತೆಗೆ ಹಾಕಿತು. ಉಚಿತ ವಿದ್ಯುತ್ ಕಸಿಯಲಿಲ್ಲ, ಉಳಿತಾಯಕ್ಕೆ ಬೆಲೆ ಕಟ್ಟಿತು.

ನಮ್ಮಲ್ಲೂ ಇದನ್ನು ಕೆಲವು ಫೀಡರ್‌ಗಳಲ್ಲಿ, ಗೃಹಜ್ಯೋತಿ ಮನೆಗಳಲ್ಲಿ ಪ್ರಯೋಗಿಸಬಹುದು. ಪಂಪ್‌ಸೆಟ್‌ಗೆ ಹಗಲಲ್ಲೇ ಸೋಲಾರ್ ವಿದ್ಯುತ್ ಕೊಡಬಹುದು. ಎಲ್‌ಇಡಿ ಬಲ್ಬ್ ಮಾರಿದಂತೆ ಎಸ್ಕಾಂ ಕಚೇರಿಗಳಲ್ಲೇ ಕಡಿಮೆ ಬೆಲೆಗೆ ಫ್ಯಾನ್ ಮಾರಬಹುದು. ಮೀಟರ್ ಅಳವಡಿಕೆ, ಪಂಪ್ ದುರಸ್ತಿ, ಎನರ್ಜಿ ಆಡಿಟ್‌ನಂತಹ ಕೆಲಸಗಳು ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮಂಥವರಿಗೆ ಊರಲ್ಲೇ ಉದ್ಯೋಗವನ್ನೂ ಕೊಡುತ್ತವೆ.

ಮುಂದಿನ ಬಾರಿ ಮತ ಕೇಳಲು ಬಂದವರನ್ನು ಎಷ್ಟು ಯೂನಿಟ್ ಉಚಿತ ಎಂದಷ್ಟೇ ಕೇಳುವುದು ಬೇಡ. ಉಳಿಸಿದವರಿಗೆ ಏನು ಕೊಡುತ್ತೀರಿ ಎಂದೂ ಕೇಳೋಣ.