ಎಳೆಯ ಮಕ್ಕಳೂ ಪರೀಕ್ಷೆಯೂ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿ, ತಮ್ಮ ಹೆಣ್ಣುಮಕ್ಕಳನ್ನು ಇದೇ ಶಾಲೆಯ ಕೆಳತರಗತಿಗಳಿಗೆ ಕರೆತರುತ್ತಿರುವುದು ನಮಗೆ ಬಹಳ ಸಂತೋಷದ ಸಂಗತಿ. ಕಳೆದ ವರ್ಷದ ತಾಯಿತಂದೆಗಳ ಸಭೆಯಲ್ಲಿ ಅವರಲ್ಲಿ ಕೆಲವರು ಒಂದು ಕೋರಿಕೆಯನ್ನು ಮುಂದಿಟ್ಟರು. ಮೂರನೆಯ ತರಗತಿಯಿಂದಲೇ ಎಲ್ಲ ಮಕ್ಕಳಿಗೂ ಅಚ್ಚುಹಾಕಿಸಿದ ಒಂದೇ ಪ್ರಶ್ನಪತ್ರಿಕೆಯನ್ನು ಕೊಟ್ಟು, ಬಂದ ಅಂಕಗಳಿಗನುಸಾರವಾಗಿ ಮೊದಲನೆಯವಳು ಯಾರು, ಕಡೆಯವಳು ಯಾರು ಎಂಬುದನ್ನು ಫಲಕದ ಮೇಲೆ ಪ್ರಕಟಿಸಬೇಕೆಂಬುದೇ ಆ ಕೋರಿಕೆ. ಮಕ್ಕಳ ಏಳಿಗೆಯನ್ನು ಬಯಸುವವರೇ ಇದನ್ನು ಕೇಳಿದುದರಿಂದ, ಎರಡು ಮಾತಿನಲ್ಲಿ ಉತ್ತರಹೇಳಿ ಮುಗಿಸುವುದು ಉಚಿತವಲ್ಲವೆಂದು ನನಗೆ ತೋರಿತು. ಆದಕಾರಣ ನನ್ನ ಅಭಿಪ್ರಾಯವನ್ನು ಕಾರಣಸಹಿತವಾಗಿ ಈ ಸಂಚಿಕೆಯಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

ಪ್ರಾಥಮಿಕ ವಿದ್ಯಾಭ್ಯಾಸದ ವಿಷಯದಲ್ಲಿ ಬಹುಕಾಲದಿಂದ ಎರಡು ಮತಗಳಿರುವುವು. ಇಂಥ ವಯಸ್ಸಿನ ಮಗುವು ಇಷ್ಟು ಓದು, ಇಷ್ಟು ಬರಹ, ಇಷ್ಟು ಲೆಕ್ಕವನ್ನು ಕಲಿತಿರಲೇಬೇಕು; ಎಲ್ಲರನ್ನೂ ಒಂದೇ ಕೊಳಗದಿಂದ ಅಳೆದರೆ ಮಾತ್ರ ಶಾಲೆಯ ಯೋಗ್ಯತೆ ತಿಳಿಯುವುದು ಎಂಬುದು ಒಂದು. ಮಗುವು ತನ್ನ ಕಾಲಕ್ಕೆ, ತನ್ನ ಕೈಯಿಂದ ಮಾಡಿ ನೋಡಿ ಕಲಿಯುವುದು. ಅದಕ್ಕೆ ಬೇಕಾದುದನ್ನು ಒದಗಿಸಿಕೊಟ್ಟು ತಾಳ್ಮೆಯಿಂದ ಕಾದಿರುವುದೇ ಗುರುವಿನ ಕೆಲಸ ಎಂಬುದು ಇನ್ನೊಂದು. ಜರ್ಮನಿಯ ಫ್ರೋಬೆಲನು 1840ರಲ್ಲಿ ತನ್ನ ಶಾಲೆಗೆ ಮಕ್ಕಳ ತೋಟವೆಂಬ ಅರ್ಥವುಳ್ಳ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟುದೂ, ಮೇರಿಯಾ ಮಾಂಟೆಸ್ಸೋರಿಯವರು 1907ರಲ್ಲಿ ರೋಮಾಪುರಿಯ ಬಡಮಕ್ಕಳಿಗಾಗಿ ಮಕ್ಕಳ ಮನೆಯನ್ನು ತೆರೆದುದೂ, ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಕೈಕಸಬಿನ ಮೂಲಕ ಶಿಕ್ಷಣವೆಂಬ ಯೋಜನೆಯನ್ನು ದೇಶದ ಮುಂದಿಟ್ಟುದೂ ಈ ಎರಡನೆಯ ಮತದ ಬೇರೆಬೇರೆ ರೂಪಗಳು.

ಮೊದಲನೆಯ ಮತವನ್ನು ಪೂರ್ಣವಾಗಿ ಕಾರ್ಯಕ್ಕೆ ತಂದು ನೋಡಿದ ದೇಶ ಇಂಗ್ಲೆಂಡು. 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿಯು ತಂದ ನಿಯಮದ ಪ್ರಕಾರ ಪ್ರಾಥಮಿಕ ಶಾಲೆಯ ಮಕ್ಕಳನ್ನು ಆರು ಸ್ಟಾಂಡರ್ಡುಗಳಾಗಿ ವಿಂಗಡಿಸಿ, ಇನ್ಸ್‌ಪೆಕ್ಟರರು ವರ್ಷಕ್ಕೊಮ್ಮೆ ಬಂದು ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸುತ್ತಿದ್ದರು. ಒಂದು ಮಗುವಿನ ಹೆಸರಿನಲ್ಲಿ ಶಾಲೆಗೆ ದೊರೆಯಬಹುದಾಗಿದ್ದ 12 ಶಿಲ್ಲಿಂಗುಗಳಲ್ಲಿ 8 ಶಿಲ್ಲಿಂಗುಗಳು ಆ ಪರೀಕ್ಷೆಯನ್ನೇ ಅವಲಂಬಿಸಿದ್ದುವು. ಒಂದು ವಿಷಯದಲ್ಲಿ ಮಗು ತಪ್ಪಿದರೆ ಅದರ ಮೂರನೆಯ ಒಂದು ಪಾಲು ಕಡಿದುಹೋಗುತ್ತಿತ್ತು. ಇದರ ಪರಿಣಾಮವೇನೆಂದರೆ, ಉಪಾಧ್ಯಾಯರು ಪರೀಕ್ಷೆಗೆ ಬೇಕಾದುದನ್ನು ಮಾತ್ರ ಕಲಿಸತೊಡಗಿದರು. ಮಕ್ಕಳು ಇಡೀ ಪುಸ್ತಕವನ್ನು ಬಾಯಿಪಾಠಮಾಡಿ ಒಪ್ಪಿಸತೊಡಗಿದರು. ಕವಿಯೂ ಶಾಲಾ ಇನ್ಸ್‌ಪೆಕ್ಟರರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡರು, ಶಿಕ್ಷಣವು ಯಂತ್ರದಂತಾಯಿತೆಂದು ತಮ್ಮ ವರದಿಗಳಲ್ಲಿ ಎಚ್ಚರಿಸಿದರು. ಕಡೆಗೆ 1890ರ ದಶಕದಲ್ಲಿ ಆ ಪದ್ಧತಿಯನ್ನು ಅಲ್ಲಿ ಕೈಬಿಡಲಾಯಿತು. ನಮ್ಮ ದಕ್ಷಿಣ ಕನ್ನಡವು ಸೇರಿದ್ದ ಮದ್ರಾಸು ಪ್ರಾಂತದಲ್ಲಿಯೂ ಫಲಿತಾಂಶಕ್ಕೆ ತಕ್ಕ ಗ್ರಾಂಟು ಎಂಬ ಈ ಕ್ರಮವು ನಡೆಯುತ್ತಿದ್ದು, 1904ರಲ್ಲಿ ಹಿಂದೂಸ್ಥಾನದ ಸರಕಾರವು ಅದನ್ನು ಬಿಡಬೇಕೆಂದು ನಿರ್ಣಯಿಸಿತು.

ಈ ಕಥೆಯನ್ನು ನಾನು ತರಬೇತಿ ಶಾಲೆಯಲ್ಲಿಯೇ ಓದಿದ್ದೆನು. ಓದಿಯೂ ಅದೇ ತಪ್ಪನ್ನು ಮಾಡಿದೆನೆಂಬುದನ್ನು ಮರೆಮಾಚಲಾರೆನು. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ನನ್ನ ತರಗತಿಗೆ ಒಳ್ಳೆಯ ಹೆಸರು ಬರಬೇಕೆಂಬ ಆಸೆಯಿಂದ, ಪರೀಕ್ಷೆಗಾಗಿ ಗೊತ್ತುಮಾಡಿದ್ದ ಪಾಠಗಳನ್ನೇ ತಿಂಗಳುಗಟ್ಟಲೆ ಓದಿಸಿದೆನು. ಒಬ್ಬ ಬಾಲಿಕೆಯು ಎಲ್ಲರಿಗಿಂತ ಸೊಗಸಾಗಿ ಓದಿ ನೂರಕ್ಕೆ ತೊಂಬತ್ತು ಅಂಕಗಳನ್ನು ಪಡೆದಳು. ಮರುವರ್ಷ ಬೇರೊಬ್ಬ ಉಪಾಧ್ಯಾಯಿನಿಯವರು ಹೊಸ ಪುಟವೊಂದನ್ನು ಅವಳ ಮುಂದಿಟ್ಟಾಗ, ಅವಳಿಗೆ ಒತ್ತಕ್ಷರಗಳೇ ತಿಳಿಯವೆಂಬುದು ಹೊರಬಿದ್ದಿತು. ಕಿವಿಯಿಂದ ಕಲಿತುದನ್ನು ಅವಳು ಬಾಯಿಂದ ಒಪ್ಪಿಸಿದ್ದಳು. ನಾನು ಕೊಟ್ಟ ತೊಂಬತ್ತು ಅಂಕಗಳು ಅವಳ ಕೊರತೆಯನ್ನು ಒಂದು ವರ್ಷವೆಲ್ಲ ಮುಚ್ಚಿಟ್ಟುವು.

ಹಾಗಾದರೆ ಪರೀಕ್ಷೆಯೇ ಬೇಡವೆ? ಅದೂ ನನ್ನ ಅಭಿಪ್ರಾಯವಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಹಿಂದೆ ನಿಲ್ಲಿಸಕೂಡದೆಂದು ವಿಧಿಸಿತು. ಮಗುವಿನ ಕಲಿಕೆಯನ್ನು ಎಡೆಬಿಡದೆ ನೋಡುತ್ತಿರಬೇಕೆಂದೂ ಅದೇ ಕಾಯಿದೆ ಹೇಳಿದ್ದಿತು. ಅನೇಕ ಕಡೆಗಳಲ್ಲಿ ಮೊದಲನೆಯದು ಮಾತ್ರ ನಡೆದು ಎರಡನೆಯದು ಕಾಗದದಲ್ಲಿಯೇ ಉಳಿಯಿತು. 2022ರ ‘ಅಸರ್’ ಸಮೀಕ್ಷೆಯಲ್ಲಿ ಗ್ರಾಮಾಂತರ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಅರ್ಧಕ್ಕಿಂತಲೂ ಕಡಮೆಯಾಗಿದ್ದರು. ಇದು ನಮ್ಮ ಕಣ್ತೆರೆಯಿಸಿದುದೂ ಒಂದು ಪರೀಕ್ಷೆಯೇ. ಕಾದಿರುವೆವೆಂದು ಹೇಳಿಕೊಂಡು ನೋಡದೆ ಇರುವುದು ತಾಳ್ಮೆಯಲ್ಲ, ಅಸಡ್ಡೆ. ಮನೆಯಲ್ಲಿ ಓದಿಸುವವರಿಲ್ಲದ ಮಗುವಿಗೆ ಅದರಿಂದಾಗುವ ನಷ್ಟವೇ ಹೆಚ್ಚು.

ಆದರೆ ಆ ಸಮೀಕ್ಷೆಯ ರೀತಿಯನ್ನು ಗಮನಿಸಿರಿ. ಒಬ್ಬರು ಮಗುವಿನ ಹತ್ತಿರ ಕುಳಿತು, ಅಕ್ಷರ, ಶಬ್ದ, ವಾಕ್ಯಗಳನ್ನು ಓದಿಸಿ ಕೇಳುವರು. ಅಲ್ಲಿ ತೇರ್ಗಡೆಯಿಲ್ಲ, ಕಡೆಯ ಸ್ಥಾನವೂ ಇಲ್ಲ. ನಮ್ಮ ರಾಜ್ಯದಲ್ಲಿಯೇ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಕಲಿಕೆಯನ್ನು ಏಣಿಯ ಮೆಟ್ಟಿಲುಗಳಂತೆ ಏರ್ಪಡಿಸಿ, ಮಗುವು ಒಂದು ಮೆಟ್ಟಿಲನ್ನು ಕಲಿತುದನ್ನು ನೋಡಿ ಮುಂದಿನದಕ್ಕೆ ಏರಿಸುವರು. ಪರೀಕ್ಷೆಯು ಕಲಿಕೆಯ ಒಳಗೇ ಇರುವುದು. ಇದಕ್ಕೆ ವಿರುದ್ಧವಾಗಿ, 2023ರಲ್ಲಿಯೂ 2024ರಲ್ಲಿಯೂ ಐದನೆಯ ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯವಿಡೀ ಒಂದೇ ಪರೀಕ್ಷೆಯೆಂದಾಗ ಏನಾಯಿತೆಂಬುದನ್ನು ನೀವೇ ಕಂಡಿದ್ದೀರಿ. ವ್ಯಾಜ್ಯವು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಹೋಗಿ, 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಫಲಿತಾಂಶಗಳನ್ನು ತಡೆಹಿಡಿಯಿತು. ಹತ್ತು ವರ್ಷದ ಮಕ್ಕಳು ಪರೀಕ್ಷೆ ಇದೆಯೋ ಇಲ್ಲವೋ ಎಂದು ತಿಳಿಯದೆ ಕಳವಳಪಟ್ಟರು.

ಆದುದರಿಂದ ನನ್ನ ಅಭಿಪ್ರಾಯವಿದು: ಚಿಕ್ಕ ಮಕ್ಕಳ ಪರೀಕ್ಷೆಯು ವೈದ್ಯನು ನಾಡಿ ಹಿಡಿದು ನೋಡಿದಂತಿರಬೇಕು. ನಾಡಿ ನೋಡುವುದು ಔಷಧ ಕೊಡುವುದಕ್ಕಾಗಿ. ರೋಗಿಗಳಲ್ಲಿ ಮೊದಲನೆಯವನಾರೆಂದು ಸಾರುವುದಕ್ಕಾಗಿ ಅಲ್ಲ. ಫಲಕದ ಮೇಲಿನ ಪಟ್ಟಿಯು ಕಡೆಯ ಹುಡುಗಿಗೆ ತಾನು ಕಡೆಯವಳೆಂದು ತಿಳಿಸುವುದೇ ಹೊರತು, ಅವಳಿಗೆ ತಿಳಿಯದಿರುವುದು ಒತ್ತಕ್ಷರವೋ ದಶಕದ ವ್ಯವಕಲನವೋ ಎಂಬುದನ್ನು ಅವಳಿಗಾಗಲಿ ನಮಗಾಗಲಿ ತಿಳಿಸದು.

ಹೀಗೆ ಬೆಳೆದ ಹುಡುಗಿಯರು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಅಂಜುವರಲ್ಲವೆ ಎಂದು ಕೆಲವರು ಕೇಳಿರುವರು. ಈ ಸಂಶಯವು ನ್ಯಾಯವಾದುದೇ. ಆರನೆಯ ತರಗತಿಯಿಂದ ಮುಂದಕ್ಕೆ ನಮ್ಮಲ್ಲಿ ಲಿಖಿತ ಪರೀಕ್ಷೆಗಳಿದ್ದೇ ಇರುವುವು. ಅಭ್ಯಾಸಕ್ಕೆ ಐದು ವರ್ಷಗಳು ಸಾಲುವುವು. ಅದಕ್ಕೆ ಮುಂಚೆ ಬೇಕಾದುದು ತಡವರಿಸದೆ ಓದುವ ಕಣ್ಣು, ತಿಳಿಯದುದನ್ನು ತಿಳಿಯದೆಂದು ಹೇಳುವ ಧೈರ್ಯ.

ಕೆಳತರಗತಿಗಳ ಪ್ರತಿಯೊಬ್ಬ ಉಪಾಧ್ಯಾಯಿನಿಯೂ ತಿಂಗಳಿಗೊಮ್ಮೆ ಪ್ರತಿಯೊಂದು ಮಗುವಿನಿಂದ ಕಾಣದ ಪುಟವೊಂದನ್ನು ಓದಿಸಿ, ಎರಡು ಲೆಕ್ಕಗಳನ್ನು ಮಾಡಿಸಿ, ಕಂಡುದನ್ನು ಪುಸ್ತಕದಲ್ಲಿ ಬರೆದಿಡುವಳು. ಆ ಪುಸ್ತಕವನ್ನು ತಾಯಿತಂದೆಗಳು ಯಾವಾಗ ಬೇಕಾದರೂ ಬಂದು ನೋಡಬಹುದು. ತಮ್ಮ ಮಗುವಿನ ಪುಟವನ್ನು ಮಾತ್ರ. ಮೂರನೆಯ ತರಗತಿಯ ಕೊನೆಗೆ ಯಾವ ಬಾಲಿಕೆಯಾದರೂ ಓದಲಾರದೆ ಹೋದರೆ ಅದನ್ನು ನಮ್ಮ ಸೋಲೆಂದೇ ಎಣಿಸಿ, ನಾನೇ ನಿಮ್ಮನ್ನು ಕರೆಯಿಸಿ ತಿಳಿಸುವೆನು. ನೀವು ಮಾಡತಕ್ಕದ್ದು ಇಷ್ಟೇ. ಸಾಯಂಕಾಲ ಹತ್ತು ನಿಮಿಷ ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಅವಳು ಓದುವುದನ್ನು ಕೇಳಿರಿ. ನೆರೆಮನೆಯ ಹುಡುಗಿಗೆ ಎಷ್ಟು ಅಂಕಗಳು ಬಂದುವೆಂದು ಅವಳನ್ನು ಕೇಳಬೇಡಿರಿ.