ಪರವೂರಿನ ಕತ್ತರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಹೆಣ್ಣುಮಕ್ಕಳು ದೊಡ್ಡ ಕಾಯಿಲೆಯೆಂದರೆ ಪರವೂರಿಗೆ ಹೊರಡುವುದು ಇಂದು ನಿನ್ನೆಯ ಮಾತಲ್ಲ. ಹರಪನಹಳ್ಳಿಯವರಿಗೆ ದಾವಣಗೆರೆ, ಕೂಡ್ಲಿಗಿಯವರಿಗೆ ಬಳ್ಳಾರಿ, ಹಡಗಲಿಯವರಿಗೆ ಹುಬ್ಬಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು, ಹೊಸಪೇಟೆಗೆ ಜಿಲ್ಲಾ ಕಚೇರಿಗಳು ಬಂದವು. ಪರವೂರಿನ ಪ್ರಯಾಣ ಮಾತ್ರ ತಪ್ಪಲಿಲ್ಲ. "ಹೋಗಿ ಗರ್ಭಚೀಲ ತೆಗೆಸಿಕೊಂಡು ಬಂದಳು" ಎಂಬ ಮಾತನ್ನು ನಮ್ಮ ಜನ ಹಲ್ಲು ಕೀಳಿಸಿದಷ್ಟು ಸಲೀಸಾಗಿ ಆಡುತ್ತಾರೆ. ನನ್ನ ತಕರಾರು ಈ ಸಲೀಸಿನ ಮೇಲೆಯೇ.

ಶಸ್ತ್ರಚಿಕಿತ್ಸೆಯನ್ನೇ ಹಳಿಯುವುದು ನನ್ನ ಉದ್ದೇಶವಲ್ಲ. ಹೆರಿಗೆಯ ಮೇಲೆ ಹೆರಿಗೆಯಾಗಿ, ಬಾಣಂತನ ಮುಗಿಯುವ ಮೊದಲೇ ಹೊರೆ ಹೊತ್ತು, ಗರ್ಭಕೋಶ ಜಾರಿ ಹೊರಬಂದ ಹೆಂಗಸಿಗೆ ಅದು ಬಿಡುಗಡೆಯೇ ಸರಿ. ಹೊಟ್ಟೆ ಕೊಯ್ಯದೆ ಯೋನಿಮಾರ್ಗದಿಂದಲೇ ಗರ್ಭಕೋಶ ತೆಗೆಯುವ ಕ್ರಮವುಂಟು. ಅದರಲ್ಲಿ ನೋವು ಕಡಮೆ, ಚೇತರಿಕೆ ಬೇಗ. ಆದರೆ ಜಾರಿದ ಗರ್ಭಕೋಶಕ್ಕೆ ಒಳಗೆ ಉಂಗುರವಿಟ್ಟು ಆಸರೆ ಕೊಡಬಹುದೆಂದೂ, ಆರಂಭದಲ್ಲಿ ವ್ಯಾಯಾಮದಿಂದ ಗುಣ ಕಾಣಬಹುದೆಂದೂ, ಅತಿಯಾದ ರಕ್ತಸ್ರಾವಕ್ಕೆ ಗುಳಿಗೆಗಳೂ ಹಾರ್ಮೋನಿನ ವಂಕಿಯೂ ಇವೆಯೆಂದೂ ಆಕೆಗೆ ಬಿಡಿಸಿ ಹೇಳುವವರಾರು?

ಹೇಳಿದರೂ ಕೇಳುವ ಸ್ಥಿತಿಯಲ್ಲಿ ಆಕೆ ಇದ್ದಾಳೆಯೆ? ಗುಳಿಗೆಯ ಚಿಕಿತ್ಸೆಯೆಂದರೆ ಮತ್ತೆ ಮತ್ತೆ ತೋರಿಸಬೇಕು. 2023ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ, ನಿಜ. ಆದರೆ ಕಳೆದುಹೋದ ಕೂಲಿಯನ್ನು ತುಂಬಿಕೊಡುವವರಾರು? ಜೊತೆಗೆ ಬಂದ ಗಂಡನ ಕೂಲಿಯನ್ನು? ಕಬ್ಬು ಕಡಿಯಲು ಮಂಡ್ಯದ ಕಡೆಗೆ ಗುಳೆ ಹೊರಟ ತಾಂಡಾದ ಹೆಣ್ಣುಮಗಳು ಮುಂದಿನ ತಿಂಗಳು ಯಾವ ವೈದ್ಯರ ಮುಂದೆ ಕೂರಬೇಕು? ಆದ್ದರಿಂದಲೇ "ಒಂದೇ ಸಲಕ್ಕೆ ಮುಗಿಸಿಬಿಡಿ" ಎನ್ನುತ್ತಾಳೆ. ಇದನ್ನು ಅವಳ ಅಜ್ಞಾನವೆಂದು ಕರೆಯುವುದು ಅನ್ಯಾಯ. ಕತ್ತರಿಯನ್ನು ಆರಿಸಿದ್ದು ರೋಗವಲ್ಲ, ದೂರ.

"ಮಕ್ಕಳಾದ ಮೇಲೆ ಆ ಚೀಲವೇಕೆ?" ಎನ್ನುವ ಪಂಡಿತರೂ ಉಂಟು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲದ ತೊಂದರೆಗಳೆಲ್ಲ ಒಮ್ಮೆಲೇ ಬರುತ್ತವೆ, ಮೂಳೆ ಸವೆಯುತ್ತದೆ. ಮೂವತ್ತರ ಪ್ರಾಯದವಳು ಇದನ್ನು ಹೊತ್ತುಕೊಂಡು ಇನ್ನೂ ಮೂವತ್ತು ವರ್ಷ ಕಳೆ ಕೀಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 3ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡವರು.

ಹಾಗಾದರೆ ಹತ್ತಿರದಲ್ಲೇ ಶಸ್ತ್ರಚಿಕಿತ್ಸೆ ನಡೆದರೆ ಸಾಕೆ? ಸಾಲದು. ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರಿನ ಸರಕಾರಿ ಆಸ್ಪತ್ರೆಯಲ್ಲಿಯೇ ಅನಗತ್ಯವಾಗಿ ಗರ್ಭಕೋಶ ತೆಗೆದರೆಂಬ ಆರೋಪ ಎದ್ದು, ನೊಂದ ಲಂಬಾಣಿ ಹೆಣ್ಣುಮಕ್ಕಳು ಬೀದಿಗಿಳಿದದ್ದನ್ನು ನಾಡು ಕಂಡಿದೆ. ಕಲಬುರಗಿಯ ತಾಂಡಾಗಳಿಂದಲೂ ಇಂಥದೇ ದೂರು 2015ರಲ್ಲಿ ಕೇಳಿಬಂದಿತ್ತು. ಹತ್ತಿರವಿರಬೇಕಾದದ್ದು ಕತ್ತರಿಗಿಂತ ಮೊದಲು ಪರೀಕ್ಷೆ, ಸಲಹೆ, ಪ್ರಶ್ನೆ ಕೇಳುವ ಅವಕಾಶ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯಲು ಕೇಂದ್ರದ ಆರೋಗ್ಯ ಮಂತ್ರಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ರಾಜ್ಯಗಳು ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ಆದೇಶಿಸಿತು. ಜಿಲ್ಲೆಗೊಂದು ಮೇಲ್ವಿಚಾರಣಾ ಸಮಿತಿಯಿರಬೇಕೆಂಬುದು ಅದರಲ್ಲೇ ಇದೆ. ಹೊಸಪೇಟೆಯ ಸಮಿತಿ ಎಷ್ಟು ಸಲ ಸೇರಿತು, ಈ ತಾಲ್ಲೂಕುಗಳ ಎಷ್ಟು ಹೆಣ್ಣುಮಕ್ಕಳ ಲೆಕ್ಕ ನೋಡಿತು, ಹೊರಜಿಲ್ಲೆಯಲ್ಲಿ ತೆಗೆಸಿಕೊಂಡವರ ಲೆಕ್ಕ ಯಾರ ಪುಸ್ತಕದಲ್ಲಿದೆ ಎಂದು ನಮ್ಮ ಶಾಸಕರು ಒಮ್ಮೆ ವಿಧಾನಸಭೆಯಲ್ಲಿ ಕೇಳಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವಾದರೂ ಸ್ತ್ರೀರೋಗ ತಜ್ಞೆ ಕುಳಿತು, ಉಂಗುರ, ಗುಳಿಗೆ, ವಂಕಿ ಮೂರನ್ನೂ ಮೇಜಿನ ಮೇಲಿಟ್ಟು ಮಾತನಾಡಲಿ. ಆಮೇಲೆಯೂ ಪರವೂರಿಗೆ ಹೋಗಬೇಕೆಂದರೆ ಆಕೆ ಧಾರಾಳವಾಗಿ ಹೋಗಲಿ, ತಿಳಿದು ಹೋಗಲಿ.